ಇಪ್ಪತ್ತೇಳು ಮೇಜುಗಳು

ಆರಾಧನೆಯ ಕೊನೆಗೆ ಪಾಸ್ಟರ್ ಪ್ರಕಟಣೆಗಳನ್ನು ಓದುವ ಹೊತ್ತಿಗೆ ಡ್ರೈವಿಂಗ್ ಸ್ಕೂಲಿನ ಇನ್‌ಸ್ಟ್ರಕ್ಟರ್ ಬೆಂಚಿನಿಂದ ಆಗಲೇ ಅರ್ಧ ಎದ್ದಿದ್ದ. ಒಂಬತ್ತು ವರ್ಷದಿಂದ ನಡೆದುಬಂದ ರೂಢಿ ಅದು. “ಈ ವರ್ಷದ ಕುಟುಂಬ ಶಿಬಿರ ನಡೆಸುವವರು…” ಎಂದು ಪಾಸ್ಟರ್ ಶುರುಮಾಡುವುದು, ಇವನು ಎದ್ದು ಸಭೆಯ ಕಡೆ ತಿರುಗಿ ತಲೆಬಾಗುವುದು. ಈ ಸಲ ಪಾಸ್ಟರ್ ಹೇಳಿದ್ದು ಅವನ ಹೆಂಡತಿಯ ಹೆಸರು. “ನಮ್ಮ ಬ್ರದರ್‌ಗೆ ಈ ವರ್ಷ ವಿಶ್ರಾಂತಿ,” ಎಂದೂ ಸೇರಿಸಿದರು. ಜನ ಚಪ್ಪಾಳೆ ತಟ್ಟಿದರು. ಅರ್ಧ ಎದ್ದವನು ಪೂರ್ತಿ ಏಳುವ ಹಾಗಿಲ್ಲ, ಥಟ್ಟನೆ ಕೂರುವ ಹಾಗೂ ಇಲ್ಲ. ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರ ಹುಡುಕುವವನ ಹಾಗೆ ನಟಿಸಿ ನಿಧಾನಕ್ಕೆ ಕುಳಿತ. ಕರವಸ್ತ್ರ ಅವನ ಕೈಯಲ್ಲೇ ಇತ್ತು.

ಶಿಬಿರವೆಂದರೆ ಮೂರು ದಿನ. ರಜೆಯಲ್ಲಿ ಖಾಲಿ ಇರುವ ಒಂದು ಶಾಲೆಯ ಹಾಸ್ಟೆಲಿನಲ್ಲಿ ಸಭೆಯ ಇಪ್ಪತ್ತೇಳು ಕುಟುಂಬಗಳು ಸೇರಿ ಪ್ರಾರ್ಥನೆ, ಪಾಠ, ಆಟ, ಊಟ. ಊಟಕ್ಕೆ ಅಲ್ಲಿ ಒಂದು ಕಟ್ಟಳೆ ಇದೆ: ಪ್ರತಿ ಕುಟುಂಬಕ್ಕೂ ಅದರದೇ ಮೇಜು, ಮೇಜಿನ ಮೇಲೆ ಹೆಸರಿನ ಕಾರ್ಡು. ಕುಳಿತವರು ಏಳುವಂತಿಲ್ಲ. ಸಭೆಯ ವಾಲಂಟಿಯರ್‌ಗಳು ಬಡಿಸುತ್ತಾರೆ. ವರ್ಷವೆಲ್ಲ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ತಟ್ಟೆ ಹಿಡಿಯುವ ಮನೆಯವರು ಆ ಮೂರು ದಿನವಾದರೂ ಎದುರುಬದುರು ಕೂತು ಉಣ್ಣಲಿ ಎಂದು ಹಿಂದಿನ ಯಾರೋ ಪಾಸ್ಟರ್ ಮಾಡಿಟ್ಟ ನಿಯಮ.

ಆ ಮಧ್ಯಾಹ್ನ ಇನ್‌ಸ್ಟ್ರಕ್ಟರನ ಮನೆಯಲ್ಲಿ ಸೂಪು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ಇದ್ದವು. ಮೂವರು ಮೇಜಿನ ಸುತ್ತ ಕುಳಿತಿದ್ದರು. ಹೆಂಡತಿ ಒಲೆಗೂ ಮೇಜಿಗೂ ನಡುವೆ ಓಡಾಡುತ್ತಿದ್ದಳು.

“ನಿನಗೆ ಯಾವಾಗ ಗೊತ್ತಾಯ್ತು?” ಎಂದ.

“ಬುಧವಾರ.”

“ಬುಧವಾರ! ಅಂದ್ರೆ ನಾಲ್ಕು ದಿನ ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದ್ದೀಯ.”

“ನಿಮಗೆ ನಾನೇ ಹೇಳ್ತೀನಿ ಅಂದಿದ್ರು ಪಾಸ್ಟರು.”

“ಹೇಳಿದ್ರಲ್ಲ, ಎಲ್ಲರಿಗೂ ಕೇಳೋ ಹಾಗೆ. ಮೈಕಲ್ಲಿ.”

ಅವನ ತಾಯಿ ಬ್ರೆಡ್ಡನ್ನು ಸೂಪಿಗೆ ಅದ್ದುತ್ತಾ ನಿಟ್ಟುಸಿರಿಟ್ಟಳು. “ನನ್ನ ಮಗ ಹೇಗೆ ನಡೆಸ್ತಿದ್ದ! ಅವನು ಒಂದು ಸೀಟಿ ಊದಿದ್ರೆ ಮಕ್ಕಳೆಲ್ಲ ಗಪ್‌ಚಿಪ್.”

“ಮಕ್ಕಳಷ್ಟೇ ಅಲ್ಲ ಅಜ್ಜಿ, ಪಾಸ್ಟರೂ ಗಪ್‌ಚಿಪ್,” ಎಂದಳು ಹದಿನಾರು ವರ್ಷದ ಮಗಳು.

“ನೀನು ತಿನ್ನು,” ಎಂದ ಅಪ್ಪ. “ನಂಗೇನು ಬೇಜಾರಿಲ್ಲ. ವಿಶ್ರಾಂತಿ ಅಂತೆ. ವಿಶ್ರಾಂತಿ ತಗೋತೀನಿ.” ಹಾಗೆಂದು ಆಲೂಗಡ್ಡೆಯನ್ನು ಚಮಚದಲ್ಲಿ ಎಷ್ಟು ಜೋರಾಗಿ ಜಜ್ಜಿದನೆಂದರೆ ತಟ್ಟೆ ಎರಡು ಬೆರಳು ಮುಂದಕ್ಕೆ ಸರಿಯಿತು.

ಬೇಜಾರಲ್ಲ, ಅದು ಅಪ್ಪಟ ಹೊಟ್ಟೆಕಿಚ್ಚು. ಹೆಂಡತಿ ಎಡವಲಿ ಎಂದು ಅವನು ಪ್ರಾರ್ಥಿಸಲಿಲ್ಲ, ಅಷ್ಟು ಕೆಟ್ಟವನಲ್ಲ. ಆದರೆ ಆ ಮೂರು ದಿನದಲ್ಲಿ ಒಬ್ಬರಾದರೂ ಹತ್ತಿರ ಬಂದು, “ನೀವಿದ್ದಿದ್ರೆ ಹೀಗಾಗ್ತಿರಲಿಲ್ಲ ಲೀಡರ್,” ಎನ್ನಬೇಕು. ಅಷ್ಟೇ ಅವನ ಆಸೆ. ಯಾವುದೋ ಒಂದು ಕೆಡದೆ ಯಾರೂ ಹಾಗೆ ಹೇಳುವುದಿಲ್ಲ ಎಂಬುದನ್ನು ಅವನು ಮುಂದಕ್ಕೆ ಯೋಚಿಸಲಿಲ್ಲ.

ಹೆಂಡತಿಯ ಆಸೆ ಇನ್ನೂ ಚಿಕ್ಕದು. ಒಂದು ಸಲ, ಒಂದೇ ಒಂದು ಸಲ, ತಾನು ನಡೆಸಿದ್ದು ಸರಿಯಾಗಿ ನಡೆಯಬೇಕು.

ಇದ್ದದ್ದು ಐದು ವಾರ. ಮೊದಲ ವಾರವೇ ಫೋನಿನ ಕಾಟ ಶುರುವಾಯಿತು.

“ಹಲೋ, ಲೀಡರ್ ಇದ್ದಾರಾ?”

“ಹೇಳಿ, ನಾನೇ.”

“ಓ, ಬ್ರದರ್… ನೀವಲ್ಲ. ಸಿಸ್ಟರ್ ಬೇಕಿತ್ತು.”

ನಾಲ್ಕನೆಯ ಸಲ ಹೀಗಾದ ಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಅದು ಮುಂದಿನ ಹಾಲ್‌ನಲ್ಲಿ ಬಡಿದುಕೊಳ್ಳುತ್ತಿದ್ದರೆ ಇವನು ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೆಂಡತಿ ಓಡಿಬರುತ್ತಿದ್ದಳು.

ಶನಿವಾರ ವಾಲಂಟಿಯರ್‌ಗಳ ಸಭೆ ಅವರ ಮನೆಯ ಹಾಲಿನಲ್ಲೇ ಸೇರಿತು. ಅವನು ಅಡುಗೆಮನೆಯಲ್ಲಿ ಚಹಾ ಮಾಡುತ್ತೇನೆಂದು ನಿಂತ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಚಹಾ ಮಾಡಿದ್ದು ಅದೇ ಮೊದಲು. ಪಾತ್ರೆ ಒಲೆಯ ಮೇಲಿತ್ತು, ಕಿವಿ ಆಚೆ ಸಭೆಯಲ್ಲಿತ್ತು.

ಹೆಂಡತಿ ಆಸ್ಪತ್ರೆಯ ಲಾಂಡ್ರಿ ವಿಭಾಗದ ಮೇಲ್ವಿಚಾರಕಿ. ದಿನಕ್ಕೆ ಆರುನೂರು ಹೊದಿಕೆ, ಹಾಸಿಗೆ ಬಟ್ಟೆ, ದಿಂಬಿನ ಚೀಲಗಳನ್ನು ಕೂಗಾಟವಿಲ್ಲದೆ ಒಗೆಸಿ, ಒಣಗಿಸಿ, ಆಯಾ ವಾರ್ಡಿಗೆ ತಲುಪಿಸುವವಳು. ಪ್ರತಿ ಗಂಟಿಗೂ ಒಂದು ಚೀಟಿ. ಅದೇ ಉಪಾಯವನ್ನು ಇಲ್ಲಿಗೂ ತಂದಿದ್ದಳು. ಒಬ್ಬೊಬ್ಬರಿಗೂ ಒಂದು ಕಾರ್ಡು. ಅದರಲ್ಲಿ ಅವರ ಒಂದೇ ಒಂದು ಕೆಲಸ, ಅದು ಕೆಟ್ಟರೆ ಯಾರನ್ನು ಕರೆಯಬೇಕು ಅನ್ನುವುದು.

“ಇಷ್ಟೇನಾ ಅಕ್ಕ?” ಎಂದಳು ಬೇಕರಿಯ ಹುಡುಗಿ. ಅಪ್ಪನ ಬೇಕರಿಯನ್ನು ತಾನೇ ನಡೆಸುತ್ತಿದ್ದ ಗಟ್ಟಿಗಿತ್ತಿ ಅವಳು. “ಹೋದ ವರ್ಷ ನನಗೆ ಹನ್ನೊಂದು ಕೆಲಸ ಇತ್ತು. ಅದರಲ್ಲಿ ಏಳು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಅಡುಗೆಮನೆಯಲ್ಲಿ ಚಹಾ ಉಕ್ಕಿ ಒಲೆ ಆರಿತು.

“ನಾನಿದ್ದಾಗ ಸಭೆಯಲ್ಲಿ ಯಾರೂ ಹೀಗೆ ಹಲ್ಲು ಕಿರೀತಿರಲಿಲ್ಲ,” ಎಂದ, ಒಲೆ ಒರೆಸುತ್ತಿದ್ದ ಮಗಳಿಗೆ.

“ಹೌದಪ್ಪ. ಅದನ್ನೇ ಅವರೂ ಹೇಳ್ತಿರೋದು.”

ಮಗಳಿಗೂ ಒಳಗೊಳಗೇ ಉರಿಯೇ. ಅಮ್ಮ ಆ ಬೇಕರಿಯವಳನ್ನು “ಬಾ ಮಗಳೇ, ಕೂತ್ಕೋ ಮಗಳೇ” ಎನ್ನುತ್ತಿದ್ದಳು. ಮನೆಯ ಮಗಳಿಗೆ ಸಿಗುತ್ತಿದ್ದದ್ದು “ಏಯ್, ಆ ಲೋಟ ಎತ್ತು.” ಅದಕ್ಕೇ ಬೇಕರಿಯವಳ ಲೋಟಕ್ಕೆ ಅವಳು ಸಕ್ಕರೆ ಹಾಕಲಿಲ್ಲ. ಬೇಕರಿಯವಳು ಕುಡಿದು, “ಸಕ್ಕರೆ ಇಲ್ಲದೇನೇ ಚೆನ್ನಾಗಿರುತ್ತೆ,” ಅಂದಳು. ಅದು ಇನ್ನೂ ಉರಿಸಿತು.

ಅದೇ ಬೇಕರಿಯವಳು ಬ್ರೆಡ್ಡಿನ ವ್ಯಾನು ಓಡಿಸಬೇಕೆಂದು ಇವನ ಬಳಿಯೇ ಡ್ರೈವಿಂಗ್ ಕಲಿಯುತ್ತಿದ್ದಳು. ಕಲಿಸುವ ಕಾರಿನಲ್ಲಿ ಇನ್‌ಸ್ಟ್ರಕ್ಟರನ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ.

“ಅಕ್ಕ ಎಷ್ಟು ಸುಲಭ ಮಾಡಿಬಿಟ್ಟಿದ್ದಾರೆ ಸರ್,” ಎಂದಳು ಎರಡನೇ ಗೇರಿನಲ್ಲಿ.

“ಕನ್ನಡಿ ನೋಡು.”

“ಯಾರಿಗೂ ಒಂದು ಮಾತು ಜೋರಾಗಿ ಅನ್ನಲ್ಲ. ಆದ್ರೂ ಎಲ್ಲ ಕೆಲಸ—”

ಕಾರು ರಸ್ತೆಯ ನಡುವೆ ಗಕ್ಕನೆ ನಿಂತಿತು. ಹಿಂದಿನ ಲಾರಿಯವನು ಹಾರ್ನ್ ಒತ್ತಿ ಬೈದ.

“ಏನು ಸರ್? ಅಡ್ಡ ಬಂದಿದ್ದು ಏನು?”

“ಬೆಕ್ಕು,” ಎಂದ. ಬೆಕ್ಕೂ ಇರಲಿಲ್ಲ, ಇಲಿಯೂ ಇರಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಮನೆಯ ಕೆಲಸ ಹಳಿ ತಪ್ಪಿತು. ಊರಿನ ಹೊದಿಕೆಗಳನ್ನೆಲ್ಲ ಒಗೆಸುವವಳ ಮನೆಯಲ್ಲಿ ಕೊಳೆ ಬಟ್ಟೆಯ ಬುಟ್ಟಿ ತುಂಬಿ ಚೆಲ್ಲಿತು. ಸಂಜೆ ಅಡುಗೆ ಎಂದರೆ ಮೊಟ್ಟೆ. ಸೋಮವಾರ ಬೇಯಿಸಿದ್ದು, ಮಂಗಳವಾರ ಹುರಿದದ್ದು, ಬುಧವಾರ ಮತ್ತೆ ಬೇಯಿಸಿದ್ದು.

“ನನಗೆ ಈ ವಯಸ್ಸಲ್ಲಿ ಮೂರು ಹೊತ್ತು ಮೊಟ್ಟೆ ಅರಗುತ್ತಾ?” ಎಂದಳು ಅತ್ತೆ. “ಒಂದಿಷ್ಟು ಮೇಜು ಜೋಡಿಸೋಕೆ ಇಷ್ಟೊಂದು ಗಲಾಟೆ! ನನ್ನ ಮಗ ಶಿಬಿರಾನೂ ನಡೆಸ್ತಿದ್ದ, ಮನೇಲಿ ಹೊತ್ತುಹೊತ್ತಿಗೆ ಸೂಪೂ ಇರ್ತಿತ್ತು.”

“ಆ ಸೂಪು ಯಾರು ಮಾಡ್ತಿದ್ರು ಅತ್ತೆ?”

ಅತ್ತೆ ಮೊಟ್ಟೆಯ ಸಿಪ್ಪೆ ಬಿಡಿಸುವುದರಲ್ಲಿ ಮಗ್ನಳಾದಳು.

“ಹಿರಿಯರಿಗೆ ಎದುರು ಮಾತಾಡೋದನ್ನೂ ಆ ಕಾರ್ಡಲ್ಲಿ ಬರ್ಕೊಂಡಿದ್ದೀಯಾ?” ಎಂದ ಗಂಡ.

“ಕೇಳಿದ್ದು ಅಷ್ಟೇ ರೀ. ನನ್ನ ನೀಲಿ ಸೀರೆ ಒಗೆಯೋಕೂ ನನಗೆ ಪುರುಸೊತ್ತಾಗಿಲ್ಲ. ಒಂದು ದಿನ ಆ ಬುಟ್ಟಿ ನೀವು ನೋಡ್ಕೋಬಹುದಿತ್ತು. ವಿಶ್ರಾಂತಿ ಇದೆಯಲ್ಲ.”

“ನನಗೆ ಈ ವಿಶ್ರಾಂತಿ ತಂದಿಟ್ಟೋಳು ನೀನು.”

“ನಾನು ಕೇಳ್ಕೊಂಡು ಹೋಗಲಿಲ್ಲ!”

“ಬೇಡ ಅನ್ನಲೂ ಇಲ್ಲ.”

ಹೆಂಡತಿ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿಗೆ ಹೋದಳು. ನೀರು ಬಿಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದಳು: “ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ.” ಅವಳು ಇಷ್ಟು ಬಿಚ್ಚಿ ಹೇಳಿದ್ದು ಅವನಿಗೆ ನೆನಪಿದ್ದ ಹಾಗೆ ಅದೇ ಮೊದಲು. ಅವನು ಕೇಳಿಸದವನ ಹಾಗೆ ಎದ್ದುಹೋದ. ಬುಟ್ಟಿಯ ಬಟ್ಟೆಗಳನ್ನು ಮರುದಿನ ಮಗಳು ಗೊಣಗುತ್ತಾ ಒಗೆದಳು.

ನಾಲ್ಕನೆಯ ವಾರ ಅವಳು ಒಂದು ಹಾಳೆ ತಂದು ಅವನ ಮುಂದೆ ಇಟ್ಟಳು. ಕೋಣೆ ಮತ್ತು ಮೇಜುಗಳ ಪಟ್ಟಿ.

“ಒಂದ್ಸಲ ನೋಡಿಬಿಡಿ. ಒಂಬತ್ತು ವರ್ಷ ನೋಡಿದ ಕಣ್ಣು ನಿಮ್ಮದು. ನೀವು ಸೈನ್ ಹಾಕಿದ್ರೆ ನನಗೆ ಧೈರ್ಯ.”

ಆ ಮಾತು ಅವನಿಗೆ ಹಿತವೆನಿಸಿತು. ಪರೀಕ್ಷೆಯಲ್ಲಿ ಫೇಲಾದವರ ಹಾಳೆಗೆ ಬಳಸುವ ಕೆಂಪು ಪೆನ್ನು ತೆಗೆದುಕೊಂಡು ಕೂತ. ಗಾಲಿಕುರ್ಚಿಯ ಮುದುಕರಿಗೆ ನೆಲಮಹಡಿ ಕೊಟ್ಟಿದ್ದಾಳೋ ಇಲ್ಲವೋ? ಕೊಟ್ಟಿದ್ದಾಳೆ. ಪರಸ್ಪರ ಮಾತು ಬಿಟ್ಟ ಅಣ್ಣತಮ್ಮಂದಿರ ಮೇಜುಗಳನ್ನು ದೂರ ಇಟ್ಟಿದ್ದಾಳೋ? ಇಟ್ಟಿದ್ದಾಳೆ. ಹಾಲು ಕುಡಿಯುವ ಮಗುವಿನ ತಾಯಿಗೆ ಬಾಗಿಲ ಹತ್ತಿರದ ಮೇಜು. ಒಂದು ತಪ್ಪಾದರೂ ಬೇಕಲ್ಲ ದೇವರೇ, ಎಂದು ಕೊನೆಯ ಸಾಲಿನ ತನಕ ಬಂದ. ಇಪ್ಪತ್ತೇಳು ಕುಟುಂಬ. ಮತ್ತೆ ಮೊದಲಿನಿಂದ ಬೆರಳಿಟ್ಟು ಓದಿದ. ಆಗ ಸಿಕ್ಕಿತು.

ಅವರದೇ ಮನೆ ಪಟ್ಟಿಯಲ್ಲಿ ಇರಲಿಲ್ಲ.

ಮೊದಲು ಅವನಿಗೆ ನೋವಾಯಿತು. ಊರವರ ಅಜ್ಜ ಅಜ್ಜಿಯರೆಲ್ಲ ನೆನಪಿದ್ದಾರೆ, ಗಂಡನ ನೆನಪಿಲ್ಲ, ಗಂಡನ ತಾಯಿಯ ನೆನಪಿಲ್ಲ! ಆಮೇಲೆ ಆ ನೋವಿನ ಕೆಳಗಿನಿಂದ ಇನ್ನೊಂದು ಮೇಲಕ್ಕೆ ಬಂತು. ಮಲಗಲು ಲೀಡರಿಗೆಂದೇ ಇರುವ ಕೋಣೆ ಸಿಗುತ್ತದೆ, ಆದರೆ ಊಟದ ಹೊತ್ತಿಗೆ ಎಲ್ಲರೂ ಕೂತಿರುತ್ತಾರೆ. ಲೀಡರಮ್ಮನ ಸ್ವಂತ ಕುಟುಂಬ ಮಾತ್ರ ಮೇಜಿಲ್ಲದೆ ನಿಂತಿರುತ್ತದೆ. ಆಗ ಯಾರೂ ಅವಳ ಕಾರ್ಡುಗಳನ್ನು ಹೊಗಳುವುದಿಲ್ಲ.

“ಏನಾದ್ರೂ ಬಿಟ್ಟುಹೋಗಿದೆಯಾ?” ಎಂದಳು, ಬಾಗಿಲಲ್ಲಿ ನಿಂತು.

“ಎಲ್ಲ ಸರಿಯಿದೆ,” ಎಂದ. ಕೆಳಗೆ ದೊಡ್ಡದಾಗಿ ಕೆಂಪು ಸೈನ್ ಹಾಕಿದ.

ಅವಳ ಮುಖ ಅರಳಿತು. ಆ ಸಂಜೆ ಅವನಿಗೆ ಎರಡು ಮೊಟ್ಟೆ ಸಿಕ್ಕಿತು. ಅದನ್ನೂ ತಿಂದ. ಮುಂದಿನ ಹತ್ತು ದಿನ ಆ ಗುಟ್ಟನ್ನು ಬಾಯಲ್ಲಿಟ್ಟ ಪೆಪ್ಪರ್‌ಮಿಂಟಿನಂತೆ ಚಪ್ಪರಿಸುತ್ತಾ ಓಡಾಡಿದ. ತಾಯಿಗೆ, “ಶಿಬಿರದಲ್ಲಿ ನೋಡ್ತಾ ಇರು ನೀನು,” ಎಂದ. ಏನೆಂದು ತಾಯಿ ಕೇಳಿದರೆ ಹೇಳಲಿಲ್ಲ. ಬೇಕರಿಯವಳಿಗೆ ಆ ವಾರ ಒಂದು ಸಲವೂ ಬ್ರೇಕ್ ಹಾಕಲಿಲ್ಲ.

ಶಿಬಿರದ ಮೊದಲ ದಿನ ಬೆಳಿಗ್ಗೆ ಹಾಸ್ಟೆಲಿನ ಗೇಟಿನಲ್ಲಿ ಗಡಿಬಿಡಿಯೇ ಇರಲಿಲ್ಲ. ಬಂದವರಿಗೆ ಬಂದ ಹಾಗೆ ಕೀಲಿಕೈ, ಕೋಣೆಯಲ್ಲಿ ಮಡಿಸಿಟ್ಟ ಹೊದಿಕೆ. ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ಮುಗಿಯಿತು. ಇನ್‌ಸ್ಟ್ರಕ್ಟರ್ ಕೈಕಟ್ಟಿಕೊಂಡು ಅಂಗಳದಲ್ಲಿ ಅಡ್ಡಾಡಿದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಒಬ್ಬ ಮುದುಕರು ಕರೆದರೆಂದು ಓಡಿಹೋದ; ಅವರಿಗೆ ಬೇಕಿದ್ದದ್ದು ಪಾಯಿಖಾನೆಯ ದಾರಿ.

ಒಂದು ಗಂಟೆಗೆ ಊಟ. ಹೆಂಡತಿ ಈ ಸಲ ಮೇಜುಗಳನ್ನು ಅಡ್ಡಡ್ಡ ತಿರುಗಿಸಿ, ಬಡಿಸುವವರಿಗೆ ನಡುವೆ ದಾರಿ ಬಿಡಿಸಿದ್ದಳು. ಮುಂದುಗಡೆ ಎಂದಿನಂತೆ ಪಾಸ್ಟರರ ದೊಡ್ಡ ಮೇಜು. ಅಲ್ಲಿ ಪಾಸ್ಟರ್, ಪಾಠ ಹೇಳಲು ಬಂದ ಅತಿಥಿ, ಪಕ್ಕದಲ್ಲಿ ಲೀಡರಿನ ಖಾಲಿ ಕುರ್ಚಿ. ಕುಟುಂಬಗಳು ತಂತಮ್ಮ ಕಾರ್ಡು ಹುಡುಕಿ ಕೂತವು. ಐದು ನಿಮಿಷದಲ್ಲಿ ಊಟದ ಹಾಲ್ ತುಂಬಿತು. ನಿಂತಿದ್ದವರು ವಾಲಂಟಿಯರ್‌ಗಳು, ಅವನು, ಮಗಳು, ಮತ್ತು ಅವನ ತಾಯಿ.

ಪೊರೆ ಬಂದ ಕಣ್ಣಿನ ಆ ಮುದುಕಿ ಕೋಲೂರಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ಒಂದು ಕಡೆ ಕತ್ತು ಚಾಚಿ ನೋಡಿದಳು, ತಲೆಯಾಡಿಸಿದಳು, ಮುಂದಿನದಕ್ಕೆ ಹೋದಳು. ಜನ ಮಾತು ನಿಲ್ಲಿಸಿ ಅವಳತ್ತ ನೋಡತೊಡಗಿದರು. ಅವನು ಕಾದ. ಎಲ್ಲರೂ ನೋಡುವ ತನಕ ಕಾದ. ಆಮೇಲೆ ಸೀಟಿಯಿಲ್ಲದಿದ್ದರೂ ಸೀಟಿಯಂಥ ದನಿಯಲ್ಲಿ ಹೇಳಿದ:

“ಇಪ್ಪತ್ತೇಳು ಕುಟುಂಬ ನೆನಪಿದೆ ನಮ್ಮ ಲೀಡರಮ್ಮನಿಗೆ! ತನ್ನ ಸ್ವಂತ ಕುಟುಂಬಕ್ಕೆ ಮೇಜಿಲ್ಲ. ನನ್ನ ತಾಯಿ ಈ ವಯಸ್ಸಲ್ಲಿ ಕುರ್ಚಿ ಹುಡುಕ್ಕೊಂಡು ಅಲೀತಿದ್ದಾಳೆ, ನೋಡಿ!”

ಹೆಂಡತಿ ಬಡಿಸುವವರು ಬರುವ ಬಾಗಿಲ ಬಳಿ ಕೈಯಲ್ಲಿ ಪಟ್ಟಿ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ಕೆಂಪಾಗಿ, ಆಮೇಲೆ ಬಿಳುಪಾಯಿತು.

“ಕುರ್ಚಿ ಯಾರಿಗೋ ಬೇಕಾಗಿರೋದು?” ಎಂದಳು ಮುದುಕಿ, ಅಲ್ಲಿಂದಲೇ. “ಅಡುಗೆಮನೆ ಬಾಗಿಲು ಎಲ್ಲಿ ಹೋಯ್ತು ಅಂತ ನೋಡ್ತಿದ್ದೀನಿ. ಮೇಜೆಲ್ಲ ತಿರುಗಿಸಿಬಿಟ್ಟಿದ್ದಾರೆ, ದಾರಿ ಗೊತ್ತಾಗ್ತಿಲ್ಲ.”

“ಅಡುಗೆಮನೆ ಯಾಕೆ?”

“ಊಟಕ್ಕೆ ಕಣೋ. ಮತ್ತೆಲ್ಲಿಗೆ? ಪ್ರತಿ ವರ್ಷ ನಾವು ಉಣ್ಣೋದು ಅಲ್ಲೇ ಅಲ್ವಾ.”

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಮುಖದಲ್ಲೇ ಹೆಂಡತಿಯ ಕಡೆ ತಿರುಗಿದ.

“ಹೊಸ ಪಟ್ಟಿ ಅಲ್ಲ ರೀ ಇದು,” ಎಂದಳು ಅವಳು. ಮೆತ್ತಗೆ ಹೇಳಿದರೂ ಕೂತವರಿಗೆಲ್ಲ ಕೇಳಿಸಿತು. “ನೀವು ಹೋದ ವರ್ಷ ಮಾಡಿದ್ದನ್ನೇ ನಕಲು ಮಾಡ್ಕೊಂಡೆ. ಕೋಣೆ ಬದಲಾಯಿಸಿದ್ದೀನಿ, ಮೇಜು ಆಚೀಚೆ ಮಾಡಿದ್ದೀನಿ, ಹೆಸರು ಅವೇ. ನಮ್ಮನೇನೂ ಅದರಲ್ಲಿ ಇರಬೇಕು ಅಂತ ನನಗೆ ಹೊಳೀಲೇ ಇಲ್ಲ. ಯಾವ ವರ್ಷ ಇತ್ತು?”

ಒಂಬತ್ತು ವರ್ಷದ ಒಂಬತ್ತು ಪಟ್ಟಿಗಳನ್ನೂ ಅವನೇ ಕೈಯಾರೆ ಬರೆದಿದ್ದ. ಒಂಬತ್ತು ವರ್ಷವೂ ಪಾಸ್ಟರರ ಪಕ್ಕದ ಕುರ್ಚಿಯಲ್ಲಿ ಕೂತು ಉಂಡಿದ್ದ. ತಾಯಿ, ಮಗಳು, ಹೆಂಡತಿ ಎಲ್ಲಿ ಉಣ್ಣುತ್ತಾರೆ ಎಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ.

ಬೇಕರಿಯವಳು ಬ್ರೆಡ್ಡಿನ ಬುಟ್ಟಿ ಹಿಡಿದುಕೊಂಡು ಪಟ್ಟಿಯೊಳಕ್ಕೆ ಇಣುಕಿದಳು. “ಸರ್, ಇದನ್ನ ನೀವು ನೋಡಿದ್ದೀರಲ್ಲ? ಕೆಂಪಲ್ಲಿ ಸೈನ್ ಇದೆ.”

ಹೆಂಡತಿ ಆ ಸೈನನ್ನೂ ಅವನನ್ನೂ ಒಂದು ಸಲ ನೋಡಿದಳು. ಹತ್ತು ದಿನ ಅವನು ಯಾಕೆ ಅಷ್ಟು ಖುಷಿಯಾಗಿದ್ದ ಎಂಬುದು ಅವಳಿಗೆ ಆಗ ತಿಳಿಯಿತು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಪಾಸ್ಟರ್ ಎದ್ದುನಿಂತು, “ಸಿಸ್ಟರ್, ಒಂದು ಮೇಜು ಹಾಕಿಸೋಣ, ಎರಡು ನಿಮಿಷ,” ಎಂದರು.

“ಬೇಡ ಪಾಸ್ಟರ್. ಈಗ ಬೇಡ, ಎಲ್ಲರ ಊಟ ಆರುತ್ತೆ. ಸಂಜೆಯಿಂದ ಇಪ್ಪತ್ತೆಂಟು ಮೇಜು ಇರುತ್ತೆ.” ಪಟ್ಟಿಯನ್ನು ಬೇಕರಿಯವಳ ಕೈಗೆ ಕೊಟ್ಟಳು. “ಬಡಿಸೋಕೆ ಶುರುಮಾಡು ಮಗಳೇ.” ಆಮೇಲೆ ತನ್ನ ಮಗಳ ಹತ್ತಿರ ಹೋಗಿ, ಅವಳ ಕೆನ್ನೆಯ ಮೇಲೆ ಬಂದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, “ಅಜ್ಜಿಯ ಕೈ ಹಿಡ್ಕೊಂಡು ಹೋಗು ಕಂದ,” ಎಂದಳು. ಆಮೇಲೆ ಇಪ್ಪತ್ತೇಳು ಮೇಜುಗಳ ನಡುವೆ ನೇರವಾಗಿ ನಡೆದು, ಪಾಸ್ಟರರ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ಇನ್‌ಸ್ಟ್ರಕ್ಟರನಿಗೆ ಹೋಗಲು ಇದ್ದದ್ದು ಒಂದೇ ಜಾಗ. ತಾಯಿ ಮತ್ತು ಮಗಳ ಹಿಂದೆ ಅಡುಗೆಮನೆಗೆ ಹೋದ.

ಅಲ್ಲಿ ದೊಡ್ಡ ಒಲೆಗಳ ಧಗೆ ಇನ್ನೂ ಆರಿರಲಿಲ್ಲ. ಮಗಳು ಗೋಡೆಯ ಮೂಲೆಯಿಂದ ಎರಡು ತರಕಾರಿ ಪೆಟ್ಟಿಗೆ ಎಳೆದು ಬೋರಲು ಹಾಕಿದಳು. ಅಜ್ಜಿಗೆ ಮುರಿದ ಬೆನ್ನಿನ ಒಂದು ಕುರ್ಚಿ ಕೊಟ್ಟಳು. ಯಾರನ್ನೂ ಕೇಳದೆ ತಟ್ಟೆ ಎಲ್ಲಿದೆ, ಲೋಟ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವನ ತಟ್ಟೆಗೂ ಅನ್ನ, ಸಾರು ಹಾಕಿ ಮಂಡಿಯ ಮೇಲಿಟ್ಟಳು.

“ಒಂಬತ್ತು ವರ್ಷ ಇಲ್ಲೇನಾ?” ಎಂದ.

“ಇಲ್ಲೇ. ನಾನು ಚಿಕ್ಕೋಳಿದ್ದಾಗ ಆ ಚೀಲದ ಮೇಲೆ ಕೂರ್ತಿದ್ದೆ.”

“ಒಂದು ಮಾತು ಹೇಳಬಾರದಿತ್ತಾ ನಿಮ್ಮಮ್ಮ?”

“ನೀವು ಕೇಳಿದ್ರಾ?”

ಅವನು ಅನ್ನ ಕಲಸಿದ. ಎದುರಿಗೇ ಅಡುಗೆಮನೆಯ ಬಾಗಿಲು ತೆರೆದಿತ್ತು. ಅದರಾಚೆ, ಬಡಿಸುವವರ ಓಡಾಟದ ನಡುವೆ, ಪಾಸ್ಟರರ ಮೇಜು ಚೌಕಟ್ಟು ಹಾಕಿದಷ್ಟು ಸರಿಯಾಗಿ ಕಾಣುತ್ತಿತ್ತು. ಹೆಂಡತಿ ಏನೋ ಹೇಳಿದಳು. ಅತಿಥಿ ನಕ್ಕರು. ಪಾಸ್ಟರ್ ತಾವೇ ಅವಳ ಲೋಟಕ್ಕೆ ನೀರು ಬಗ್ಗಿಸಿದರು. ಅವನು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಅದು ತನ್ನ ಕುರ್ಚಿ, ಆ ನೀರು ತನಗೆ ಬರುತ್ತಿದ್ದ ನೀರು ಎಂದು ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು.

“ಇಲ್ಲಿಂದ ಎಲ್ಲ ಕಾಣುತ್ತೆ,” ಎಂದ, ತನಗೇ ಎಂಬಂತೆ. “ನಿಮ್ಮಮ್ಮ ಇಲ್ಲಿಂದ ನನ್ನನ್ನ ನೋಡ್ತಿದ್ಲೇನೋ.”

“ಇಲ್ಲಪ್ಪ. ನಾವಿಬ್ರು ಊಟಕ್ಕೆ ಕೂತ ತಕ್ಷಣ, ತಾನು ನಿಂತೇ ಉಣ್ತಾ, ಆ ಬಾಗಿಲು ಹಾಕು ಅಂತಿದ್ಲು.”

“ಯಾಕೆ?”

ಮಗಳು ತಟ್ಟೆಯಿಂದ ತಲೆಯೆತ್ತಲಿಲ್ಲ. “ನೋಡಿದ್ರೆ ಹೊಟ್ಟೆ ಉರಿಯುತ್ತೆ ಅಂತಿದ್ಲು. ಊಟ ಸೇರಲ್ಲ ಅಂತಿದ್ಲು.”

ಅವನು ತಟ್ಟೆಯನ್ನು ಪೆಟ್ಟಿಗೆಯ ಮೇಲಿಟ್ಟು ಎದ್ದುಹೋಗಿ, ಬಾಗಿಲ ಹಿಡಿಗೆ ಕೈಹಾಕಿದ.

“ಹಾಕಬೇಡ,” ಎಂದಳು ತಾಯಿ, ಹಿಂದಿನಿಂದ. ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಎಳೆದುಕೊಂಡು, ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಪಾಸ್ಟರರ ಮೇಜಿನ ಕಡೆ ನೋಡುತ್ತಿದ್ದಳು. “ತೆಗೆದೇ ಇರಲಿ. ನನ್ನ ಸೊಸೆ ಕೂತ್ಕೊಂಡು ಊಟ ಮಾಡೋದನ್ನ ನಾನು ಇವತ್ತೇ ನೋಡ್ತಿರೋದು.”